ಪದಚರ್ಚೆ: ಚಿಕಿತ್ಸೆಗೆ ‘ಬೇಡಿಕೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆ ಖರ್ಚು ಯಾಕೆ ಏರುತ್ತದೆ ಅಂತ ಪಿಯು ಮಕ್ಕಳಿಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಡಿಮ್ಯಾಂಡ್‌ಗೆ ಬೇಡಿಕೆ, ಸಪ್ಲೈಗೆ ಪೂರೈಕೆ, ಇದರಲ್ಲೇನು ತಕರಾರು ಅಂದುಕೊಂಡು ಶುರು ಮಾಡಿದೆ. ಎರಡನೇ ಪುಟಕ್ಕೇ ಸಿಕ್ಕಿಕೊಂಡೆ.

ಹೋದ ತಿಂಗಳು ಅಮ್ಮನ ಮಂಡಿ ನೋವು ಜಾಸ್ತಿಯಾಗಿ ಇಲ್ಲೇ ಬೆಂಗಳೂರಿನ ಒಂದು ನರ್ಸಿಂಗ್ ಹೋಮ್‌ಗೆ ಹೋಗಿದ್ದೆವು. ಡಾಕ್ಟರು ಮಂಡಿ ಒತ್ತಿ ನೋಡಿದರು, ಚೀಟಿಯಲ್ಲಿ ಎಂಆರ್‌ಐ ಅಂತ ಬರೆದರು, ಕೆಳಗೆ ಅಚ್ಚಾಗಿದ್ದ ಸ್ಕ್ಯಾನಿಂಗ್ ಸೆಂಟರ್ ಹೆಸರಿಗೆ ಪೆನ್ನಿನಲ್ಲಿ ಎರಡು ಸುತ್ತು ಹಾಕಿ ಕೊಟ್ಟರು. ಅಲ್ಲೇ ಮಾಡಿಸಿದೆವು. ಆಮೇಲೆ ಒಂದು ದಿನ ಪಾಠದ ಸಾಲನ್ನು ಅಮ್ಮನಿಗೆ ಓದಿ ಹೇಳಿದೆ, ‘ಸ್ಕ್ಯಾನಿಂಗ್‌ಗೆ ಬೇಡಿಕೆ ಹೆಚ್ಚಿದೆ’ ಅಂತ. ಅಮ್ಮ ತಕ್ಷಣ, “ನಾನೆಲ್ಲಿ ಬೇಡಿದೆ? ಅವರು ಬರೆದ್ರು, ನೀನು ದುಡ್ಡು ಕಟ್ಟಿದೆ” ಅಂದರು.

ಅಮ್ಮ ಸರಿಯಾದ ಜಾಗವನ್ನೇ ಹಿಡಿದಿದ್ದಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕನಕಾಂಬರದ ರೇಟು ಕೇಳಿ ತಲೆ ತಿರುಗಿದರೆ ನಾಲ್ಕು ಮೊಳದ ಬದಲು ಒಂದು ಮೊಳ ತಗೋತೀವಿ, ಇಲ್ಲ ಸೇವಂತಿಗೆ ಸಾಕು ಅಂತೀವಿ. ಅಲ್ಲಿ ಬೇಕು, ಬೇಡ ಎರಡೂ ನಮ್ಮ ಬಾಯಲ್ಲಿದೆ. ಚೀಟಿ ಕೈಲಿ ಹಿಡಿದು ನಿಂತಾಗ ಹಾಗಿಲ್ಲ ಅಲ್ವಾ? ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಇದನ್ನು ಬರೆದಿದ್ದಾರೆ: ಕಾಯಿಲೆ ವಿಷಯದಲ್ಲಿ ಕೊಳ್ಳುವವರಿಗಿಂತ ಕೊಡುವವರಿಗೆ ತುಂಬಾ ಜಾಸ್ತಿ ಗೊತ್ತಿರುತ್ತದೆ, ಹಾಗಾಗಿ ಇದು ಬೇರೆ ಸಂತೆಗಳ ಹಾಗೆ ನಡೆಯುವುದಿಲ್ಲ. ನಮ್ಮಲ್ಲೂ ಹೃದಯದ ರಕ್ತನಾಳ ಮುಚ್ಚಿಕೊಳ್ಳದ ಹಾಗೆ ಒಳಗೆ ಹಾಕುವ ಸಣ್ಣ ಕೊಳವೆ, ಅಂದರೆ ಸ್ಟೆಂಟ್‌ಗೆ ಚೌಕಾಸಿ ಮಾಡಿ ಬೆಲೆ ಇಳಿಸಿದವರು ಯಾರು? ಲಕ್ಷ ದಾಟುತ್ತಿದ್ದ ಔಷಧಲೇಪಿತ ಸ್ಟೆಂಟ್ 29,600 ರೂಪಾಯಿಗೆ ಬಂದಿದ್ದು 2017ರ ಫೆಬ್ರವರಿಯಲ್ಲಿ, ಸರ್ಕಾರವೇ ಬೆಲೆಗೆ ಮಿತಿ ಹಾಕಿದ ಮೇಲೆ.

ಈಗ ನನ್ನ ಪ್ರಶ್ನೆ. ಕೊಡುವವರೇ ಹುಟ್ಟಿಸುವ ಇಂಥ ಬೇಡಿಕೆಗೆ ಅರ್ಥಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ, ‘ಸಪ್ಲೈಯರ್ ಇಂಡ್ಯೂಸ್ಡ್ ಡಿಮ್ಯಾಂಡ್’ ಅಂತ. ಕನ್ನಡದಲ್ಲಿ ಏನನ್ನಬೇಕು? ‘ಪೂರೈಕೆದಾರ ಪ್ರೇರಿತ ಬೇಡಿಕೆ’ ಅಂತ ಬರೆಯಬಹುದು, ಆದರೆ ಮಕ್ಕಳು ಉರು ಹೊಡೆದು ಮರೆತುಬಿಡುತ್ತಾರೆ. ‘ಹುಟ್ಟಿಸಿದ ಬೇಡಿಕೆ’ ಅಂದರೆ ಜಾಹೀರಾತಿನಿಂದ ಹುಟ್ಟಿದ್ದೂ ಅದರಲ್ಲಿ ಸೇರಿಕೊಳ್ಳುತ್ತದೆ. ನನಗೆ ಮನಸ್ಸಿರುವುದು ‘ಬರೆದುಕೊಟ್ಟ ಬೇಡಿಕೆ’ ಮೇಲೆ, ಅಮ್ಮನ ಮಾತಿನಿಂದಲೇ ಸಿಕ್ಕಿದ್ದು. ತೊಂದರೆ ಏನೆಂದರೆ ಅಮೆರಿಕದ ಆರೋಗ್ಯ ಸಂಶೋಧಕ ಮಿಲ್ಟನ್ ರೋಮರ್ ಹೇಳಿದ ಸಂಗತಿಗೆ ಇದು ಸಾಲುವುದಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಹಾಕಿದರೆ ಸಾಕು, ಅದು ತುಂಬಿಯೇ ತುಂಬುತ್ತದೆ ಅನ್ನುವುದು ಅವರ ಮಾತಿನ ಸಾರ. ಅಲ್ಲಿ ಒಬ್ಬ ಡಾಕ್ಟರು ಬೇಕಂತಲೇ ಬರೆದುಕೊಟ್ಟಿದ್ದು ಅನ್ನುವ ಹಾಗಿಲ್ಲ, ಹಾಸಿಗೆ ಖಾಲಿ ಇದೆ ಅನ್ನುವುದೇ ಅಡ್ಮಿಟ್ ಮಾಡಲು ದಾರಿ ಮಾಡಿಕೊಡುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕನಿಗೆ ಕಣ್ಣಿನ ಪೊರೆ ಬಂದು ಎರಡು ವರ್ಷವಾಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾಡುತ್ತಾರೆ ಅಂದರೂ ರಜೆ ಹಾಕಿದರೆ ಸಂಬಳ ಹೋಗುತ್ತದೆ ಅಂತ ಮುಂದೆ ಹಾಕುತ್ತಲೇ ಇದ್ದಾರೆ. ಅವರಿಗೆ ಆಪರೇಷನ್ ಬೇಕೇ ಬೇಕು. ಆದರೆ ಅರ್ಥಶಾಸ್ತ್ರದ ಲೆಕ್ಕದ ಪ್ರಕಾರ ಅದು ಬೇಡಿಕೆ ಅಲ್ಲ, ಕೊಳ್ಳುವ ಶಕ್ತಿ (ಇಲ್ಲಿ ಸಂಬಳ ಬಿಡುವ ಶಕ್ತಿ) ಜೊತೆಗಿದ್ದರೆ ಮಾತ್ರ ಬೇಡಿಕೆ. ಇದಕ್ಕೆ ‘ಅಗತ್ಯ’ ಅಂತ ಬರೆದಿದ್ದೇನೆ, ಯಾಕೋ ತುಂಬಾ ತೆಳುವಾಗಿ ಕೇಳುತ್ತದೆ. ಹುಬ್ಬಳ್ಳಿ, ಧಾರವಾಡದ ಕಡೆ ಅಗತ್ಯಕ್ಕೆ ‘ಗರಜು’ ಅಂತೀರಲ್ಲ, ದುಡ್ಡಿಲ್ಲದವರ ಇಂಥ ಬೇಕಿಗೂ ಆ ಮಾತು ನಡೆಯುತ್ತದಾ? ಇಲ್ಲ ಕೆಲಸ, ಸಾಮಾನಿಗೆ ಮಾತ್ರಾನಾ? ಆ ಕಡೆಯವರು ಮನೆಯಲ್ಲಿ ಆಡುವ ಒಂದೆರಡು ವಾಕ್ಯ ಬರೆದು ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.