ಕಿಡ್ನಿ ಪ್ರಶ್ನೋತ್ತರ: ರಕ್ತದಲ್ಲಿ ಎಂ ಪ್ರೋಟೀನ್, ಮೂತ್ರದಲ್ಲಿ ನೊರೆ

ಮೂಡಿಗೆರೆ ಸದಸ್ಯೆ: ನಮಸ್ಕಾರ ಸಾರ್. ಅಪ್ಪನಿಗೆ 61. ಈ ಮಳೆಗಾಲ ಗಂಬೂಟು ಕಾಲಿಗೆ ಹತ್ತುತ್ತಿಲ್ಲ, ಅಷ್ಟು ಊತ. ಮೂತ್ರದ ನೊರೆ ಎರಡು ಚೊಂಬು ನೀರು ಹಾಕಿದರೂ ಹೋಗುವುದಿಲ್ಲ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ 1.9. ರಕ್ತದಲ್ಲಿ ಎಂ ಪ್ರೋಟೀನ್ 0.6 ಗ್ರಾಂ, ಮೂಳೆ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶ 6%. ಕ್ಯಾನ್ಸರ್ ಅಲ್ಲ, ಆರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಕಾಯಬಹುದಾ?

ಅರಸೀಕೆರೆ ಸದಸ್ಯ: ನನ್ನ ಕ್ರಿಯಾಟಿನಿನ್ 1.3. ಭಯ ಇದೆಯಾ ಸಾರ್?

ಡಾಕ್ಟರ್, ಹಾಸನ: ನೋಡಮ್ಮ, ಆರು ತಿಂಗಳು ಕಾಯಬೇಡಿ. ಕ್ಯಾನ್ಸರ್ ಅಲ್ಲ ಅಂದಿದ್ದು ಸರಿ. ಎಂ ಪ್ರೋಟೀನ್ 3 ಗ್ರಾಂಗಿಂತ, ಪ್ಲಾಸ್ಮಾ ಕೋಶ 10%ಗಿಂತ ಕಮ್ಮಿ ಇದೆ. ಆದರೆ ಅದು ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರಿನ ಲೆಕ್ಕ. ಕಿಡ್ನಿಗೆ ಆ ಲೆಕ್ಕ ಸಾಲದು. ರೋಗದ ವಿರುದ್ಧ ಹೋರಾಡಬೇಕಾದ ಪ್ಲಾಸ್ಮಾ ಕೋಶದಂಥ ಕೋಶಗಳಲ್ಲಿ ಒಂದರ ಸಂತತಿ ಮಾತ್ರ ಬೆಳೆದು, ಒಂದೇ ಬಗೆಯ ಪ್ರೋಟೀನ್ ಬಿಡುತ್ತಿರುತ್ತದೆ. ಅದೇ ಎಂ ಪ್ರೋಟೀನ್. ಅದು ಚೂರೇ ಇದ್ದರೂ ಕಿಡ್ನಿಯ ಸೋಸುವ ಜಾಗದಲ್ಲಿ ಕೂತು ಉರಿಯೂತ ಎಬ್ಬಿಸಬಹುದು. ಇಂಥವರನ್ನು ಸುಮ್ನೆ ನೋಡುತ್ತಾ ಕೂರಬಾರದು ಅಂತಲೇ 2012ರಲ್ಲಿ ಇದಕ್ಕೆ ಎಂಜಿಆರ್‌ಎಸ್ (ಇಂಥ ಪ್ರೋಟೀನಿನಿಂದ ಕಿಡ್ನಿಗೆ ಆಗುವ ಹಾನಿ) ಅಂತ ಬೇರೆ ಹೆಸರಿಟ್ಟರು.

ಮೊದಲು ಕಿಡ್ನಿ ಬಯಾಪ್ಸಿ. ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿಯಲ್ಲಿ ಶಾವಿಗೆ ಎಳೆಯಂಥ ಒಂದೆರಡು ಚೂರು ತೆಗೆಯುತ್ತಾರೆ. ಈ ಪ್ರೋಟೀನಿನ ಲೈಟ್ ಚೈನ್ ಅನ್ನೋ ತುಂಡಿನಲ್ಲಿ ಕಪ್ಪಾ, ಲ್ಯಾಂಬ್ಡಾ ಅಂತ ಎರಡು ಬಗೆ. ಆ ಚೂರಿನಲ್ಲಿ ಎರಡನ್ನೂ ನೋಡಿದ್ದಾರಾ ಅಂತ ಕೇಳಿ. ಒಂದು ಮಾತ್ರ ಹೊಳೆದರೆ ಅನುಮಾನ ಗಟ್ಟಿಯಾಗುತ್ತದೆ. ಆಗ ರಕ್ತರೋಗ ತಜ್ಞರ ಜೊತೆ ಸೇರಿ ಆ ಕೋಶಗಳಿಗೇ ಔಷಧಿ ಕೊಡಬೇಕು. ಅವನ್ನು ಹಾಗೇ ಬಿಟ್ಟರೆ, ಮುಂದೆ ಕಿಡ್ನಿ ಕಸಿ ಮಾಡಿದರೂ ಹೊಸ ಕಿಡ್ನಿಗೆ ಇದೇ ಕಾಯಿಲೆ ಬರಬಹುದು. ರಕ್ತದಲ್ಲಿ ಬಿಡಿಯಾಗಿರುವ ಈ ತುಂಡುಗಳನ್ನು ಅಳೆಯುವ ಫ್ರೀ ಲೈಟ್ ಚೈನ್ ಪರೀಕ್ಷೆಯನ್ನೂ ಮಾಡಿಸಿ. ಮೂತ್ರಕ್ಕೆ ಕಡ್ಡಿ ಅದ್ದುವ ಪರೀಕ್ಷೆ ಹೆಚ್ಚಾಗಿ ಅಲ್ಬುಮಿನ್ ಅನ್ನೋ ಬೇರೆ ಪ್ರೋಟೀನ್ ಹಿಡಿಯುತ್ತದೆ, ಈ ತುಂಡುಗಳನ್ನಲ್ಲ.

ಬೇಲೂರು ಸದಸ್ಯ: ಬಾಳೆದಿಂಡಿನ ರಸ, ಎಳನೀರು 21 ದಿನ ಕೊಡಿ. ಫಾರ್ವರ್ಡ್ ಮಾಡಿದ್ದೇನೆ.

ಡಾಕ್ಟರ್, ಹಾಸನ: ಕೊಡಬೇಡಿ! ಎರಡರಲ್ಲೂ ಪೊಟ್ಯಾಸಿಯಂ ಇದೆ. ಸೋತ ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ಹೃದಯವೇ ನಿಲ್ಲಬಹುದು. ಈ ವಾರ ಮೂರನೇ ಸಲ ಬರೆಯುತ್ತಿದ್ದೇನೆ.

ಬೇಲೂರು ಸದಸ್ಯ: ನಮ್ಮ ಮಾವನಿಗೆ ದಿಂಡಿನಿಂದಲೇ ಕಲ್ಲು ಬಿದ್ದುಹೋಯಿತು.

ಸಕಲೇಶಪುರ ಸದಸ್ಯೆ: ಅಣ್ಣಾ, ಅವರು ಕೇಳಿದ್ದು ಕಲ್ಲಿನ ವಿಷಯ ಅಲ್ವಲ್ಲಾ. ಓದಿ ಬರೆಯಿರಿ.

ಕಡೂರು ಸದಸ್ಯ: ಬಯಾಪ್ಸಿಗೆ ಖರ್ಚು ಎಷ್ಟು ಸಾರ್?

ಬೇಲೂರು ಸದಸ್ಯ: ನಿಮಗೆಲ್ಲ ಇಂಗ್ಲಿಷ್ ಔಷಧಿ ಒಂದೇ ಸತ್ಯ. ಅಜ್ಜಿ ಹೇಳಿದ್ದೆಲ್ಲ ಸುಳ್ಳು.

ಸಕಲೇಶಪುರ ಸದಸ್ಯೆ: ಅತ್ತೆಯನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವವಳು ನಾನು. ನಮ್ಮ ಮನೆಯಲ್ಲೂ ಹೀಗೇ ಯಾರೋ ಹೇಳಿದ ಕಷಾಯ ಕೊಟ್ಟು ಎಂಟು ತಿಂಗಳು ಹಾಳು ಮಾಡಿದೆವು. ಸಾಕು ಬಿಡಿ.

ಅರಸೀಕೆರೆ ಸದಸ್ಯ: ಸಾರ್, 1.3?

ಡಾಕ್ಟರ್, ಹಾಸನ: ವಯಸ್ಸು, ಬಿಪಿ, ಮೂತ್ರದ ರಿಪೋರ್ಟ್ ಇಲ್ಲದೆ ಹೇಳಲಾರೆ.

ಮೂಡಿಗೆರೆ ಸದಸ್ಯೆ: ಅಪ್ಪ ಹೃದಯಕ್ಕೆ ಆಸ್ಪಿರಿನ್, ಮಂಡಿನೋವಿಗೆ ಅಂಗಡಿ ಮಾತ್ರೆ ನುಂಗುತ್ತಾರೆ ಸಾರ್.

ಡಾಕ್ಟರ್, ಹಾಸನ: ಮಂಡಿಯ ಮಾತ್ರೆ ಇವತ್ತೇ ನಿಲ್ಲಿಸಿ. ಆಸ್ಪಿರಿನ್ ನೀವಾಗಿ ಬಿಡಿಸಬೇಡಿ, ಬಯಾಪ್ಸಿ ಮಾಡುವವರಿಗೆ ಮೊದಲೇ ಹೇಳಿ. ಸೋಮವಾರ ಎಲ್ಲಾ ರಿಪೋರ್ಟ್ ಹಿಡಿದುಕೊಂಡು ಅಪ್ಪನನ್ನು ಕರೆತನ್ನಿ.