ಮೊದಲ್ನೇ ಪುಸ್ತಕ ನಾವೇ ಹಾಕ್ಬೇಕಂದ್ರ ಏನೇನು ಕಲೀಬೇಕಾಗ್ತದ? ಅನುಭವ ಇದ್ದವರು ಹೇಳ್ರಿ

ಪ್ರಶ್ನೆ, ಯಾದಗಿರಿಯಿಂದ

ಎಲ್ರಿಗೂ ನಮಸ್ಕಾರ ರೀ. 6 ವರ್ಷದಾಗ 11 ಕತಿ ಬರ್ದಿಟ್ಟೀನಿ. ಇಬ್ರು ಪ್ರಕಾಶಕರಿಗೆ ಕಳಿಸಿದ್ದೆ, ಒಬ್ರು ಉತ್ತರಾನೇ ಕೊಡ್ಲಿಲ್ಲ, ಇನ್ನೊಬ್ರು 300 ಪ್ರತಿ ನೀವೇ ಕೊಂಡ್ಕೋರಿ ಅಂದ್ರು. ಅಷ್ಟು ರೊಕ್ಕ ಹಾಕೋದಿದ್ರ ಸ್ವಂತ ಯಾಕ ಹಾಕ್ಬಾರ್ದು ಅಂತ ಮನಸು ಮಾಡೀನಿ. ಪ್ರಿಂಟಿಂಗ್ ರೇಟು ಪ್ರೆಸ್ಸಿಗೆ ಹೋದ್ರ ಗೊತ್ತಾಗ್ತದ, ನಾ ಕೇಳೋದು ಅದಲ್ಲ. ಫೈಲ್ ತೆರದ್ರ ಸಾಕು ಎಲ್ಲಾ ಕತಿ ಹಾಳಾಗಿ ಕಾಣಸ್ತವ, ಮುಚ್ಚಿಟ್ಟು ಎದ್ದು ಬಿಡ್ತೀನಿ. ಇದರಾಗಿಂದ ನೀವು ಹ್ಯಾಂಗ ಪಾರಾದ್ರಿ? ಪುಸ್ತಕ ತಯಾರಾಗೋ ಹೊತ್ತಿಗೆ ನಿಮ್ಮಾಗ ಏನು ಬದಲಾತು?

ಉತ್ತರ 1, ಕಲಬುರಗಿ

ತಮ್ಮಾ (ತಂಗಿ ಇದ್ರ ತಪ್ಪು ತಿಳೀಬ್ಯಾಡವ್ವ, ಹೆಸರಿಲ್ಲ ನೋಡು), ನಾ ಸೇಡಂ ಕಡಿ ಒಂದು ಹೈಸ್ಕೂಲಿನಾಗ ಕನ್ನಡ ಟೀಚರ್, ದಿನಾ ಕಲಬುರಗಿಯಿಂದ ಬಸ್ಸಿನಾಗ ಹೋಗಿ ಬರಾಕಿ. ಸೀಟು ಸಿಕ್ರ ಮಳಖೇಡ ಬರೂ ತನಕ ಒಂದು ಪುಟ ಬರೀತಿದ್ದೆ, ಸಿಗಲಿಲ್ಲಂದ್ರ ಇಲ್ಲ. ಹಂಗ 14 ಕತಿ ಆದ್ವು.

ನಾ ಮಾಡಿದ ಮೊದಲನೇ ತಪ್ಪು ಅಂದ್ರ, ಹೊಗಳೋರಿಗೇ ತೋರಿಸಿದ್ದು. ಸ್ಟಾಫ್ ರೂಮಿನಾಗ ಎಲ್ರೂ ಓದಿ ‘ಛಲೋ ಅದ ಮೇಡಂ’ ಅಂದ್ರು. ಆ ಛಲೋ ಅನ್ನೋ ಮಾತಿನಿಂದ ನಂದು ಬರೋಬ್ಬರಿ ಒಂದು ವರ್ಷ ಹಾಳಾತು, ಯಾಕಂದ್ರ ನಾ ಏನೂ ತಿದ್ದಲಿಲ್ಲ.

ನಮ್ಮತ್ತಿಗೆ ಓದ್ಲಾಕ ಬರಂಗಿಲ್ಲ. ಒಂದಿನ ಮೇ ತಿಂಗಳ ಮಧ್ಯಾಹ್ನ, ಕರೆಂಟ್ ಹೋಗಿತ್ತು, ನಮ್ಮ ಕಲಬುರಗಿ ಬಿಸಿಲು ನಿಮಗ ಹೇಳೋದು ಬ್ಯಾಡ, ಆಕಿ ಬಾಗಿಲಾಗ ಕುಂತು ಮೊರದಾಗ ತೊಗರಿಬ್ಯಾಳಿ ಹಸನ ಮಾಡ್ಲಾಕತ್ತಿದ್ರು. ಹೊತ್ತು ಹೋಗ್ಲಿ ಅಂತ ನಾ ಒಂದು ಕತಿ ಜೋರಾಗಿ ಓದಿ ಹೇಳ್ದೆ. ಅದರಾಗ ಪುಣೆಕ್ಕ ದುಡೀಲಾಕ ಹೋದ ಮಗ 4 ವರ್ಷದ ಮ್ಯಾಲ ಮನಿಗೆ ಬರ್ತಾನ, ತಾಯಿ ಅಂತಾಳ, ‘ನೀನು ಮರಳಿ ಬಂದೇ ಬರುತ್ತೀಯೆಂಬ ನಂಬಿಕೆ ನನ್ನನ್ನು ಜೀವಂತವಾಗಿಟ್ಟಿತ್ತು ಮಗನೇ.’ ಅತ್ತಿ ಕೈ ನಿಂತ್ವು. ‘ಇಕಿ ಯಾ ಊರಾಕಿ?’ ಅಂದ್ರು. ಚಿತ್ತಾಪುರದ ಕಡಿಯಾಕಿ ರೀ ಅಂದೆ. ‘ಚಿತ್ತಾಪುರದಾಕಿ ಹಿಂಗ ಮಾತಾಡ್ತಾಳೇನು? ಟಿವಿ ನೋಡಿ ಕಲ್ತಾಳೇನು?’

ನಂಗ ಸಿಟ್ಟು ಬಂತು. ಹಂಗಾದ್ರ ಏನಂತಾಳ ನೀವೇ ಹೇಳ್ರಿ ಅಂದೆ. ಆಕಿ ಮತ್ತ ಬ್ಯಾಳಿ ಕಡಿ ನೋಡ್ಕೋಂತ, ‘ಬಂದೇಪಾ? ಕೈಕಾಲು ತೊಳ್ಕೋ, ರೊಟ್ಟಿ ಅವ’ ಅಂದ್ರು. ಅಷ್ಟೇ.

ಆ ಕತ್ಯಾಗ ಒಂದೂವರೆ ಪುಟ ಅಳು ಇತ್ತು ರೀ. ಎಲ್ಲಾ ಹೊಡದು ಹಾಕಿ ಆ ಒಂದು ಸಾಲು ಬರ್ದೆ. ಆಮ್ಯಾಲ ಎಲ್ಲಾ ಕತಿ ಒಂದೊಂದಾಗಿ ಅತ್ತಿ ಮುಂದ ಓದೀನಿ, ಆಕಿ ಏನೂ ಅನ್ನದೇ ಬ್ಯಾಳಿ ಆರಿಸ್ಕೋಂತ ಕುಂತ್ರ ಆ ಜಾಗ ಸತ್ತದ ಅಂತ ಅರ್ಥ. 14ರಾಗ 5 ಕತಿ ಹಂಗೇ ಬಿಟ್ಟೆ, 9 ಉಳದ್ವು. ಬಿಡೋವಾಗ ಹೊಟ್ಟಿ ಉರೀತು, ಸುಳ್ಳು ಹೇಳಂಗಿಲ್ಲ.

ಪ್ರೂಫಿನ (ಅಚ್ಚಿಗೆ ಮೊದಲು ತಪ್ಪು ತಿದ್ದೋ ಪ್ರತಿ) ಕತಿ ಇನ್ನೊಂದು. ಆ ಕಡಿ ದಕ್ಷಿಣದವರೊಬ್ರಿಗೆ ಪ್ರೂಫ್ ನೋಡ್ಲಾಕ ಕೊಟ್ಟಿದ್ದೆ, ವಾಪಸ್ ಬಂದಾಗ ಹಾಳಿ ತುಂಬ ಕೆಂಪು. ನನ್ನ ‘ಹೋಗ್ಯಾನ’ ಎಲ್ಲಾ ‘ಹೋಗಿದ್ದಾನೆ’ ಆಗ್ಯಾವ, ‘ಮ್ಯಾಲ’ ಹೋಗಿ ‘ಮೇಲೆ’. ಮೊದಲ್ನೇ ದಿನ ಅತ್ಕೋಂತ ಕುಂತೆ, ಎರಡ್ನೇ ದಿನ ನಮ್ಮ ಭಾಷಾ ಇವರಿಗೆ ತಪ್ಪು ಕಾಣಸ್ತದೇನು ಅಂತ ಮನ್ಯಾಗಿದ್ದವರ ಮ್ಯಾಲೆಲ್ಲಾ ಒದರ್ಯಾಡಿದೆ. ಮೂರ್ನೇ ದಿನ ಸುಮ್ಮ ಕುಂತು ಒಂದೊಂದು ಗುರುತು ನೋಡ್ದೆ. ಅರ್ಧ ಗುರುತು ನಮ್ಮ ಮಾತು ಗೊತ್ತಿಲ್ಲದ್ದಕ್ಕ ಹಾಕಿದ್ದು, ಅವನ್ನ ವಾಪಸ್ ತಿರುಗಿಸ್ದೆ. ಆದ್ರ ಇನ್ನರ್ಧ ಖರೇನೇ ನನ್ನ ತಪ್ಪು. ಮಧ್ಯಾಹ್ನ ಅನ್ನೋದನ್ನ ‘ಮಧ್ಯಾನ್ಹ’ ಅಂತ 11 ಕಡಿ ಬರ್ದಿದ್ದೆ, ಕನ್ನಡ ಟೀಚರ್! ಅದಕ್ಕಿಂತ ನಾಚಿಕಿ ಏನಂದ್ರ, ಒಬ್ಬನೇ ಪಾತ್ರ ಒಂದು ಪುಟದಾಗ ‘ಮ್ಯಾಲ’ ಅಂತಾನ, ಮುಂದಿನ ಪುಟದಾಗ ‘ಮ್ಯಾಗ’, ಇನ್ನೊಂದು ಕಡಿ ‘ಮೇಲೆ’. ನಮ್ಮ ಭಾಷಾ ಅಂತ ಜಗಳ ಮಾಡಾಕಿ, ಆ ಭಾಷಾ ನಾನೇ ನೆಟ್ಟಗ ಕೇಳಿಸ್ಕೊಂಡಿರ್ಲಿಲ್ಲ. ಆಮ್ಯಾಲ ಒಂದು ಪಟ್ಟಿ ಮಾಡ್ದೆ, ಯಾ ಪದ ಪುಸ್ತಕ ಪೂರಾ ಹ್ಯಾಂಗ ಇರಬೇಕು ಅಂತ, ಎರಡು ಪುಟ ಆತು, ಅದನ್ನ ಅವರಿಗೆ ಕಳಿಸ್ದೆ. ‘ಇದನ್ನ ಮೊದಲೇ ಕೊಟ್ಟಿದ್ರೆ ಇಬ್ರಿಗೂ ಒಂದು ತಿಂಗಳು ಉಳೀತಿತ್ತಲ್ಲ ಮೇಡಂ’ ಅಂದ್ರು ಪಾಪ, ಬೈಲಿಲ್ಲ.

ನೀವು ಎಲ್ಲಾ ಹಾಳಾಗಿ ಕಾಣಸ್ತವ ಅಂದ್ರಲ್ಲ, ಫೈಲ್ ಮುಚ್ಚಬ್ಯಾಡ್ರಿ, ಬಾಯಿ ಬಿಟ್ಟು ಓದ್ರಿ. ಕಣ್ಣಿಗೆ ಎಲ್ಲಾ ಒಂದೇ ಸಮ ಹಾಳಾಗಿ ಕಾಣಸ್ತದ, ಕಿವಿಗೆ ಮಾತ್ರ ಯಾವ ಸಾಲು ಹಾಳು ಅಂತ ಗೊತ್ತಾಗ್ತದ.

ಉತ್ತರ 2, ಬೀದರ್

ನಾ ಬರಿಯೋನಲ್ಲ ರೀ, ಡಿಟಿಪಿ ಮಾಡೋನು, ಅಂದ್ರ ಕಂಪ್ಯೂಟರಿನಾಗ ಪುಸ್ತಕದ ಪುಟ ಜೋಡಿಸೋನು. ಪುಸ್ತಕದ ಕೆಲಸ ಭಾಳ ವರ್ಷದಿಂದ ಮಾಡ್ಲತ್ತೀನಿ, ಅದಕ ಈ ಕಡಿಯಿಂದ ಎರಡು ಮಾತು. ಲೇಖಕರು ಕಲೀಬೇಕಾದ್ದು ಒಂದೇ, ‘ಸಾಕು’ ಅನ್ನೋದು. ಪೇಜ್ ಎಲ್ಲಾ ಕುಂದ್ರಿಸಿ ಕಡೀ ಪ್ರೂಫ್ ಕೊಟ್ಟ ಮ್ಯಾಲ ಫೋನ್ ಬರ್ತದ, ಸರ್ ಒಂದೇ ಒಂದು ಪ್ಯಾರಾ ಸೇರಸ್ರಿ ಅಂತ. ಡೆಮಿ ಸೈಜಿನಾಗ 16 ಪುಟಕ್ಕ ಒಂದು ಫಾರಂ (ಒಟ್ಟಿಗೆ ಅಚ್ಚಾಗೋ ಪುಟಗಳ ಕಟ್ಟು), 8 ಫಾರಂ ಅಂದ್ರ 128 ಪುಟ ಬರೋಬರ್. ನಿಮ್ಮ ಒಂದು ಪ್ಯಾರಾದಿಂದ 129 ಆತಂದ್ರ ಮತ್ತೊಂದು ಫಾರಂ ಲೆಕ್ಕಕ್ಕ ಬರ್ತದ, ಪುಟ ಹೆಚ್ಚಾದ್ರ ಪುಸ್ತಕದ ಬೆನ್ನು ದಪ್ಪ ಆಗ್ತದ, ಕವರ್ ಸೈತ ಹೊಸದಾಗಿ ಮಾಡ್ಬೇಕು. ಹಿಂಗಾಗಿ ಮೊದಲು ಬರವಣಿಗಿ ಮುಗಸ್ರಿ, ಆಮ್ಯಾಲ ನಮ್ಮ ಹತ್ರ ಬರ್ರಿ.

ಹಳೇ ನುಡಿ ಫಾಂಟಿನಾಗ ಟೈಪ್ ಮಾಡಿದ್ರ ಯೂನಿಕೋಡಿಗೆ ಕನ್ವರ್ಟ್ ಮಾಡೋವಾಗ ಅರ್ಕಾವತ್ತು, ಒತ್ತಕ್ಷರ ಒಡೀತಾವ. ಸೂರ್ಯ, ಕಾರ್ಯ, ಪ್ರಾರ್ಥನಾ ಇಂಥವನ್ನ ಹುಡುಕಿ ಹುಡುಕಿ ನೋಡ್ರಿ. ಕಂಪ್ಯೂಟರ್ ಮ್ಯಾಲ ನೋಡಿದ್ರ ಕಣ್ಣು ಜಾರ್ತದ, ಒಂದು ಸರ್ತಿ ಪ್ರಿಂಟ್ ತೆಗೀರಿ. ಮತ್ತ ಐಎಸ್‌ಬಿಎನ್ ಕೊಡಿಸ್ತೀವಿ ಅಂತ ರೊಕ್ಕ ಕೇಳೋರಿಗೆ ಬಲಿ ಆಗಬ್ಯಾಡ್ರಿ. ಅದು ಪುಸ್ತಕ ಗುರುತಿಸೋ 13 ಅಂಕಿ ನಂಬರು, ರಾಜಾ ರಾಮಮೋಹನ್ ರಾಯ್ ಏಜೆನ್ಸಿದು, ಕೇಂದ್ರ ಸರ್ಕಾರದ ವೆಬ್‌ಸೈಟಿನಾಗ ಪುಕ್ಕಟ ಸಿಗ್ತದ, ಸ್ವಂತ ಹಾಕೋ ಲೇಖಕರೂ ಅರ್ಜಿ ಹಾಕ್ಬಹುದು. ನನ್ನ ಹತ್ರ ಬಂದವರೊಬ್ರು ಅದಕ್ಕ 3 ಸಾವಿರ ಕೊಟ್ಟು ಬಂದಿದ್ರು, ಏನು ಹೇಳ್ಬೇಕು.

ಉತ್ತರ 3, ಕಲಬುರಗಿ

ನಂದು ಸೋತವನ ಅನುಭವ, ಇರ್ಲಿ ಇದೂ ಒಂದು. 2020ರ ಫೆಬ್ರವರಿಯಾಗ ನಮ್ಮ ಯೂನಿವರ್ಸಿಟಿ ಆವರಣದಾಗ 85ನೇ ಸಾಹಿತ್ಯ ಸಮ್ಮೇಳನ ಆತಲ್ಲ, ಲಕ್ಷ ಮಂದಿ ಬರ್ತಾರ, ಮಾರಾಟ ಆಗೇ ಆಗ್ತದ ಅಂತ ಗಡಿಬಿಡಿ ಮಾಡಿ 1000 ಪ್ರತಿ ಹಾಕಿಸ್ದೆ. ಪರಿಚಯದವರ ಮಳಿಗ್ಯಾಗ ಇಟ್ಟಿದ್ದೆ. ಮೂರೂ ದಿನ ಮಳಿಗಿ ಮುಂದೇ ನಿಂತಿದ್ದೆ ರೀ, ಯಾರರೆ ನನ್ನ ಪುಸ್ತಕ ಕೈಗೆ ತಗೊಂಡ್ರ ಸಾಕು ಆ ಕಡಿ ಮಾರಿ ತಿರುಗಿಸಿ ಮೊಬೈಲ್ ನೋಡ್ತಿದ್ದೆ. ಒಬ್ರು ವಯಸ್ಸಾದವರು ನನ್ನನ್ನೇ ಕೇಳಿದ್ರು, ಈ ಹುಡುಗನ ಪುಸ್ತಕ ಹ್ಯಾಂಗದ ಅಂತ. ಗೊತ್ತಿಲ್ಲ ರೀ ಅಂದೆ! ನನ್ನ ಪುಸ್ತಕದ ಬಗ್ಗೆ! ಅವರು ಅಲ್ಲೇ ಇಟ್ಟು ಹೋದ್ರು.

ಮುಂದಿನ ತಿಂಗಳೇ ಕೊರೋನಾ ಬಂತು, ದೇಶದಾಗ ಮೊದಲನೇ ಸಾವು ನಮ್ಮೂರಿಂದೇ, ಎಲ್ಲಾ ಬಂದ್. 800ರ ಮ್ಯಾಲ ಪುಸ್ತಕ ಮಂಚದ ತೆಳಗ, ಮಳಿಗಾಲದಾಗ ಒಂದು ಕಟ್ಟಿಗೆ ಗೆದ್ದಲು. ಆಮ್ಯಾಲ ನೆಂಟರಿಗೆ, ಗೆಳ್ಯಾರಿಗೆ ಪುಕ್ಕಟ ಹಂಚ್ದೆ. ಪುಕ್ಕಟ ಕೊಟ್ಟಿದ್ದು ಯಾರೂ ಓದಂಗಿಲ್ಲ, ಒಂದು ಮನ್ಯಾಗ ಟಿವಿ ಸ್ಟ್ಯಾಂಡ್ ಅಲುಗ್ತದಂತ ಕಾಲಿಗೆ ಕೊಟ್ಟಿದ್ರು.

ಈಗ ಬ್ಯಾಗಿನಾಗ ದಿನಾ 5 ಇಟ್ಕೋತೀನಿ. ಯಾರರೆ ಏನು ಮಾಡ್ತೀಯಪ್ಪಾ ಅಂದ್ರ ಕತಿ ಬರೀತೀನಿ ರೀ, ಇದು ನನ್ನ ಪುಸ್ತಕ, 120 ರೂಪಾಯಿ ಅಂತೀನಿ. ಈ ‘120 ರೂಪಾಯಿ’ ಅನ್ನೋದು ಬಾಯಿಂದ ಬರ್ಲಾಕ ನಂಗ ಎರಡು ವರ್ಷ ಹಿಡೀತು, ಕತಿ ಬರಿಯೋದು ಅದಕ್ಕಿಂತ ಹಗುರ ಇತ್ತು. ದೂರದವರು ಕೇಳಿದ್ರ ಪೋಸ್ಟಿಗೆ ಹಾಕ್ತೀನಿ, 2025ರ ಮೇದಿಂದ ಪುಸ್ತಕ ಕಳಿಸ್ಲಾಕ ಅಂಚೆಯವರ ಜ್ಞಾನ ಪೋಸ್ಟ್ ಅಂತ ಬಂದದ, 300 ಗ್ರಾಂ ತನಕ 20 ರೂಪಾಯಿ, ಟ್ಯಾಕ್ಸ್ ಬ್ಯಾರೆ. ಮತ್ತ ದಯಮಾಡಿ ಮೊದಲಿಗೆ 1000 ಹಾಕಿಸಬ್ಯಾಡ್ರಿ. ಡಿಜಿಟಲ್ ಪ್ರಿಂಟಿನಾಗ ಒಂದು ಪ್ರತಿಗೆ ರೇಟು ಜಾಸ್ತಿ ಬೀಳ್ತದ ಖರೆ, ಆದ್ರ 50 ಹಾಕಿಸ್ಬಹುದು, ಮಂಚದ ತೆಳಗ ಜಾಗ ಉಳೀತದ.

ಉತ್ತರ 4, ಸುರಪುರ

ಕಲಬುರಗಿ ಅಕ್ಕಾವ್ರ ಮಾತು ಛಲೋ ಅದ, ಆದ್ರ ಎಲ್ಲಾರ ಮನ್ಯಾಗೂ ಅಂಥ ಅತ್ತಿ ಇರಂಗಿಲ್ಲ ರೀ. ನಾ ನನ್ನ ಪದ್ಯ ಮನ್ಯಾಗ ಓದಿದ್ದಕ್ಕ, ‘ನಮ್ಮ ಮನಿ ವಿಷಯ ಊರಿಗೆಲ್ಲಾ ಯಾಕ ಹೇಳ್ತಿ’ ಅಂತ ಜಗಳಾನೇ ಆತು. ನಮ್ಮ ಕಾಕಾ ಒಂದು ಪದ್ಯ ತಮ್ಮ ಬಗ್ಗೇನೇ ಅದ ಅಂದುಕೊಂಡ್ರು, ಖರೆ ಹೇಳ್ಬೇಕಂದ್ರ ಅವರ ಬಗ್ಗೇನೇ ಇತ್ತು. ಆ ಪದ್ಯ ತೆಗದೆ. ಪುಸ್ತಕ ಬಂದು ಮೂರು ವರ್ಷ ಆತು, ಕೈಗೆ ತಗೊಂಡಾಗೊಮ್ಮೆ 41ನೇ ಪುಟದ ಮುಂದ ನಿಂತು ಬಿಡ್ತೀನಿ, ಅದು ಅಲ್ಲೇ ಇರಬೇಕಿತ್ತು. ತೆಗದಿದ್ದು ತಪ್ಪೋ ಬರೋಬ್ಬರಿಯೋ ಇವತ್ತಿಗೂ ತಿಳಿವಲ್ದು. ಮನಿಯವರಲ್ಲದ ಒಬ್ರನ್ನ ಹುಡಿಕೋರಿ ಅಂತ ನಾ ಹೇಳ್ತೀನಿ, ನಿಮ್ಮ ಕತ್ಯಾಗ ತಾವಿಲ್ಲ ಅಂತ ಗೊತ್ತಿದ್ದವರನ್ನ.

ಪ್ರಶ್ನೆ ಕೇಳಿದವರು, ಯಾದಗಿರಿ

ತಂಗಿ ರೀ ಅಕ್ಕಾವ್ರೆ, ತಮ್ಮ ಅಲ್ಲ. ಎಲ್ಲಾರಿಗೂ ಶರಣು, ಇಷ್ಟು ಬರೀತೀರಿ ಅಂದ್ಕೊಂಡಿರ್ಲಿಲ್ಲ. ನಿನ್ನೆ ರಾತ್ರಿ ಊಟ ಆದ್ಮ್ಯಾಲ ಅವ್ವನ ಮುಂದ ಮೊದಲ್ನೇ ಕತಿ ಓದ್ದೆ. ಅರ್ಧಕ್ಕೇ ಆಕಿಗೆ ನಿದ್ದಿ ಹತ್ತಿತು. ಆಕಿ ಗೊರಕಿ ಹೊಡೀಲಾಕ ಶುರು ಮಾಡಿದ ಸಾಲಿಗೆ ಪೆನ್ಸಿಲಿನಿಂದ ಗುರುತು ಹಾಕೀನಿ, 6ನೇ ಪುಟ, ಮ್ಯಾಲಿಂದ ಎರಡ್ನೇ ಪ್ಯಾರಾ.