ಯುರೋಪಿನ ಪರಿಸರ ಹಣ ಯಾರಿಗೆ, ಯಾಕೆ? ಎಂಜಿನಿಯರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಬಳ್ಳಾರಿ, ಕೊಪ್ಪಳ, ರಾಯಚೂರಿನ ಎಲ್ಲರಿಗೂ ನಮಸ್ಕಾರ. ಇವತ್ತು ಉತ್ತರ ಕೊಡುವವರು ಪರಿಸರ ಎಂಜಿನಿಯರ್ ಮೇಡಂ, ನಮ್ಮ ಕೌಲ್ ಬಜಾರಿನವರೇ. ಸರ್ಬಿಯಾದಲ್ಲಿ ಕೊಳಚೆ ನೀರು ಶುದ್ಧ ಮಾಡುವ ಯೋಜನೆಯಲ್ಲಿ ಆರು ವರ್ಷ ದುಡಿದಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ, ದಯವಿಟ್ಟು.

ಗಂಗಾವತಿಯ ಕೆಎಎಸ್ ಓದುಗ: ಮೇಡಂ, ಸರ್ಬಿಯಾ ಇನ್ನೂ ಯುರೋಪ್ ಒಕ್ಕೂಟಕ್ಕೆ ಸೇರಿಲ್ಲ. ಆದರೂ ಒಕ್ಕೂಟ ಅವರ ಪರಿಸರಕ್ಕೆ ಯಾಕೆ ಹಣ ಕೊಡುತ್ತದೆ?

ಮೇಡಂ: ಒಳ್ಳೆ ಪ್ರಶ್ನೆ. 2012ರಿಂದ ಅದು ಅಭ್ಯರ್ಥಿ ದೇಶ. ಸೇರಬೇಕಾದರೆ ಒಕ್ಕೂಟದ ಕಾನೂನುಗಳನ್ನು ತನ್ನಲ್ಲಿ ಜಾರಿ ಮಾಡಬೇಕು. ಸೇರುವ ಮಾತುಕತೆಯನ್ನು ಅಧ್ಯಾಯಗಳಾಗಿ ಹಂಚಿದ್ದಾರೆ, ಪರಿಸರದ್ದು 27ನೇ ಅಧ್ಯಾಯ, ತುಂಬಾ ಖರ್ಚಿನ ಅಧ್ಯಾಯ. ಒಂದೇ ಕಾನೂನು ನೋಡಿ. 1991ರದ್ದು ಅದು. ಎರಡು ಸಾವಿರ ಜನರಷ್ಟು ಕೊಳಚೆ ಬರುವ ಸಣ್ಣ ಪಟ್ಟಣಕ್ಕೂ ಒಳಚರಂಡಿ ಇರಬೇಕು, ಶುದ್ಧ ಮಾಡಿದ ಮೇಲೇ ನೀರನ್ನು ನದಿಗೆ ಬಿಡಬೇಕು ಅನ್ನುತ್ತದೆ. ಬೆಲ್‌ಗ್ರೇಡ್ ರಾಜಧಾನಿ, ಅದೇ ದಶಕಗಟ್ಟಲೆ ಕೊಳಚೆಯನ್ನು ಹಾಗೇ ಡ್ಯಾನ್ಯೂಬ್ ಮತ್ತು ಸಾವಾ ನದಿಗಳಿಗೆ ಬಿಟ್ಟಿದೆ. ಒಕ್ಕೂಟ ಸೇರುವ ತಯಾರಿಗೆ ಅಂತಲೇ 2007ರಲ್ಲಿ ಐಪಿಎ ಅನ್ನುವ ನೆರವು ಶುರುವಾಯಿತು. 2021ರಿಂದ 27ರವರೆಗಿನ ಪಾಲು 1,400 ಕೋಟಿ ಯೂರೋ ದಾಟುತ್ತದೆ. ಆದರೆ ಅದು ಹಲವು ದೇಶಗಳಿಗೆ, ಹಲವು ಕೆಲಸಗಳಿಗೆ. ಪರಿಸರ ಒಂದು ಭಾಗ ಅಷ್ಟೇ.

ಇದು ಬರೀ ದಾನ ಅಲ್ಲ. ಡ್ಯಾನ್ಯೂಬ್ ಸರ್ಬಿಯಾ ದಾಟಿ ರೊಮೇನಿಯಾ, ಬಲ್ಗೇರಿಯಾ ಕಡೆ ಹರಿಯುತ್ತದೆ, ಅವೆರಡೂ 2007ರಲ್ಲೇ ಒಕ್ಕೂಟ ಸೇರಿವೆ. ಮೇಲಿನ ಊರಿನ ಕೊಳಚೆ ಕೆಳಗಿನ ಊರಿಗೆ ಕುಡಿಯುವ ನೀರಾಗಿ ಬರುತ್ತದೆ. ತುಂಗಭದ್ರೆ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಸಿರುಗುಪ್ಪದ ರೈತ: ಇದು ಗ್ರೂಪಿನಲ್ಲಿ ಬಂದಿದೆ, ನಿಜವಾ? "ಗಣಿ ಧೂಳಿನ ಊರುಗಳಿಗೆ ಯುರೋಪಿನಿಂದ ಮನೆಗೆ 75 ಸಾವಿರ. ಆಧಾರ್, ಪಾಸ್‌ಬುಕ್ ಫೋಟೊ ಕಳಿಸಿ. ಹತ್ತು ಜನರಿಗೆ ಹಂಚಿ."

ಮೇಡಂ: ಸುಳ್ಳು. ಅಳಿಸಿ. ಯಾರಿಗೂ ಹಂಚಬೇಡಿ.

ಸಂಡೂರು ತಾಲ್ಲೂಕಿನ ಸಂಘದ ಅಕ್ಕ: ಮೇಡಂ, ಇದೇ ಮಾತು ಹೇಳಿ ಒಬ್ಬ ನಮ್ಮೂರಿಗೆ ಬಂದಿದ್ದ. ನಮ್ಮ ಸಂಘದ 22 ಹೆಣ್ಣುಮಕ್ಕಳಿಂದ ತಲಾ 1,500 ತೆಗೆದುಕೊಂಡು ಹೋಗಿದ್ದಾನೆ. ರಸೀದಿ ಕೊಟ್ಟಿದ್ದಾನೆ, ಮೇಲೆ ನೀಲಿ ಬಾವುಟ, ಹಳದಿ ಚುಕ್ಕಿ. ಸೋಮವಾರ ಇನ್ನೂ 2,000 ಕಟ್ಟಬೇಕಂತೆ. ಸಂಘದ ಸಾಲದ ದುಡ್ಡು ಅದು. ನಾನೇ ಮೊದಲ ಪ್ರತಿನಿಧಿ, ನನ್ನ ಮಾತಿನ ಮೇಲೆ ಎಲ್ಲರೂ ಕೊಟ್ಟಿದ್ದಾರೆ.

ಮೇಡಂ: ಅಕ್ಕಾ, ಸೋಮವಾರ ಒಂದು ರೂಪಾಯಿಯೂ ಕೊಡಬೇಡಿ. ಈಗಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಕೆಲವರು ಫೋನಿನಲ್ಲಿ ಹಣ ಹಾಕಿದ್ದರೆ ತಡ ಮಾಡಿದಷ್ಟೂ ಅದು ಕೈ ಜಾರುತ್ತದೆ. ಕೈಗೆ ಕೊಟ್ಟದ್ದಕ್ಕೆ ನಿಮ್ಮ ಠಾಣೆಯಲ್ಲಿ ದೂರು ಕೊಡಿ. ರಸೀದಿ ಹರಿಯಬೇಡಿ, ಅವನ ಮೆಸೇಜ್ ಅಳಿಸಬೇಡಿ. ಆಧಾರ್, ಪಾಸ್‌ಬುಕ್ ಕೊಟ್ಟವರ ಹೆಸರು ನಡಾವಳಿ ಪುಸ್ತಕದಲ್ಲಿ ಬರೆದಿಡಿ, ಅವರೆಲ್ಲ ಬ್ಯಾಂಕಿಗೆ ಹೋಗಿ ತಿಳಿಸಲಿ. ಓಟಿಪಿ ಕೇಳಿದರೆ ಯಾರೂ ಹೇಳಬಾರದು.

ಇದು ಯಾಕೆ ಸುಳ್ಳು ಅಂತ ನೀವೇ ಉಳಿದವರಿಗೆ ಹೇಳಬೇಕಾಗುತ್ತದೆ, ಅದಕ್ಕೆ ಉದ್ದ ಬರೆಯುತ್ತಿದ್ದೇನೆ. ನಾನು ಮೇಲೆ ಹೇಳಿದ ಐಪಿಎ ಹಣ ಒಕ್ಕೂಟ ಸೇರಲು ಹೊರಟ ದೇಶಗಳಿಗೆ. ಭಾರತ ಆ ಸಾಲಿನಲ್ಲೇ ಇಲ್ಲ. ಅಲ್ಲೂ ಅದು ಮನೆಮನೆಗೆ ಹೋಗುವುದಿಲ್ಲ. ಸರ್ಕಾರ, ಪುರಸಭೆ ಯೋಜನೆ ಬರೆಯಬೇಕು, ಪರಿಸರ ಅಧ್ಯಯನ, ಟೆಂಡರ್, ಲೆಕ್ಕ ತಪಾಸಣೆ ಎಲ್ಲ ಆಗಬೇಕು. ನಾನಿದ್ದ ಸಣ್ಣ ಪಟ್ಟಣದಲ್ಲಿ ಮೊದಲ ಪೈಪ್ ಹೂಳುವುದಕ್ಕೇ ನಾಲ್ಕು ವರ್ಷ ಹಿಡಿಯಿತು. ಒಂದು ಪಾಲು ಹಣ ಆ ದೇಶವೇ ಹಾಕಬೇಕು. ಎಷ್ಟೋ ಕಡೆ ಯುರೋಪಿನ ಹೂಡಿಕೆ ಬ್ಯಾಂಕಿನಿಂದ ಸಾಲ ತರುತ್ತಾರೆ, ಅದನ್ನು ತೀರಿಸಬೇಕು. ಕೊಳಚೆ ಶುದ್ಧ ಮಾಡುವ ಘಟಕ ಕಟ್ಟಿದ ಮೇಲೆ ಕರೆಂಟ್ ಬಿಲ್ಲು, ಆಪರೇಟರ್ ಸಂಬಳ ಪುರಸಭೆಯ ತಲೆ ಮೇಲೆ. ಅದಕ್ಕೆ ನೀರಿನ ಕರ ಏರಿಸಬೇಕಾಯಿತು, ಜನ ಬೈದರು.

ಇನ್ನು ನಮ್ಮಲ್ಲಿ ಯಾವುದೇ ಸಂಸ್ಥೆ ವಿದೇಶಿ ದೇಣಿಗೆ ಪಡೆಯಲು ಕೇಂದ್ರ ಗೃಹ ಸಚಿವಾಲಯದ ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾನೂನಿನಡಿ ನೋಂದಣಿ ಅಥವಾ ಅನುಮತಿ ಬೇಕು. 2020ರ ತಿದ್ದುಪಡಿ ಆದಮೇಲೆ ಆ ಹಣ ಮೊದಲು ಬಂದು ಬೀಳುವುದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಬೈಕಿನಲ್ಲಿ ಬಂದು ರಸೀದಿ ಹರಿಯುವವನ ಕೈಗಲ್ಲ. ನಿಮ್ಮ ತಪ್ಪಲ್ಲ ಅಕ್ಕಾ, ಮೋಸ ಮಾಡಿದ್ದು ಅವನು. ಸಂಘದವರನ್ನು ಇವತ್ತೇ ಕೂರಿಸಿ ಹೇಳಿ.

ತೋರಣಗಲ್ಲಿನವರು: ಯುರೋಪ್ ಬಿಡಿ. ನಮ್ಮ ದುಡ್ಡು ಎಲ್ಲಿ? 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತು, ಪುನಶ್ಚೇತನಕ್ಕೆ ಅಂತ ಸಾವಿರಾರು ಕೋಟಿ ಕೂಡಿತು, ಖರ್ಚು ಮಾಡಲು ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ.

ಕೊಪ್ಪಳದವರು: ನಿಮಗಾದರೂ ದುಡ್ಡಿದೆ. ಅದಿರು ನಿಮ್ಮದು, ಹೊಗೆ ನಮ್ಮದು. ಗಿಣಿಗೇರಿ ಕಡೆ ಬಂದು ಬಟ್ಟೆ ಒಣ ಹಾಕಿ ನೋಡಿ.

ತೋರಣಗಲ್ಲಿನವರು: ಹೊಗೆ ನಮಗೂ ಇದೆ ಸ್ವಾಮಿ. ಕಾರ್ಖಾನೆ ಬರಲಿ ಅಂತ ಹೊಲ ಕೊಟ್ಟವರು ಯಾರು?

ಕೊಪ್ಪಳದವರು: ನನ್ನಪ್ಪ ಕೊಟ್ಟ. ಮಗನಿಗೆ ಕೆಲಸ ಸಿಗುತ್ತದೆ ಅಂದರು, ಕೊಟ್ಟ. ಕೆಲಸ ಸಿಗಲಿಲ್ಲ. ಇನ್ನೇನು ಕೇಳಬೇಕು ನಿಮಗೆ?

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ರಾಯಚೂರಿನವರು: ಮೇಡಂ, ಹಾರುಬೂದಿಯಿಂದ ಇಟ್ಟಿಗೆ ಮಾಡುವ ಘಟಕಕ್ಕೆ ಹಸಿರು ಹವಾಮಾನ ನಿಧಿಯಿಂದ ಹಣ ಬರುತ್ತದಾ?

ಬಳ್ಳಾರಿಯ ಯುವಕ: ನಮ್ಮ ಪಂಚಾಯ್ತಿ ಐಪಿಎಗೆ ಅರ್ಜಿ ಹಾಕಬಹುದಾ?

ಮೇಡಂ: ಇಲ್ಲ. ಮೇಲೆ ಬರೆದಿದ್ದೇನೆ.

ಕುಷ್ಟಗಿಯವರು: ಎನ್‌ಜಿಒ ಮೂಲಕ ಹಾಕಿದರೆ?

ಮೇಡಂ: ಮೇಲೆ ಓದಿ.

ಸಿರುಗುಪ್ಪದ ರೈತ: ಇನ್ನೊಂದು ಬಂದಿದೆ ನೋಡಿ ಮೇಡಂ. ದಿನಾ ಬೆಲ್ಲ ತಿಂದರೆ ಗಣಿ ಧೂಳೆಲ್ಲ ಶ್ವಾಸಕೋಶದಿಂದ ಹೊರಗೆ ಬರುತ್ತದಂತೆ.

ಮೇಡಂ: ಬರುವುದಿಲ್ಲ. ಬೆಲ್ಲ ಹೋಗುವುದು ಹೊಟ್ಟೆಗೆ. ಕೆಮ್ಮು ನಿಲ್ಲದವರು ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ, ಗಣಿಯಲ್ಲಿ ಎಷ್ಟು ವರ್ಷ ದುಡಿದಿದ್ದೀರಿ ಅಂತ ಡಾಕ್ಟರಿಗೆ ಹೇಳಿ. ಓದದೆ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ ಅಣ್ಣಾ. 22 ಜನ ದುಡ್ಡು ಕಳೆದುಕೊಂಡದ್ದು ಹೀಗೇ.

ಸಿರುಗುಪ್ಪದ ರೈತ: ಕೇಳಿದ್ದೇ ತಪ್ಪಾಯಿತಾ? ಓದಿದವರು ಹೀಗೆ ಮಾತಾಡಬಾರದು.

ಕೊಪ್ಪಳದವರು: ರಾಯಚೂರಿನವರಿಗೆ ಉತ್ತರವೇ ಇಲ್ಲ. ಬಳ್ಳಾರಿಯವರಿಗೆ ಮಾತ್ರ ಪುಟಗಟ್ಟಲೆ.

ಮೇಡಂ: ಮೋಸ ಹೋದವರಿಗೆ ಮೊದಲು ಬರೆದೆ, ಮತ್ತೆ ಬೇಕಾದರೂ ಬರೆಯುತ್ತೇನೆ. ನಮ್ಮ ದುಡ್ಡು ಎಲ್ಲಿ ಅಂದವರಿಗೆ: ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಒಂದಿದೆ, 2015ರ ಕಾನೂನಿನದು. ಹಳೆ ಗಣಿ ಗುತ್ತಿಗೆಯವರು ಸರ್ಕಾರಕ್ಕೆ ಕಟ್ಟುವ ರಾಯಧನದ ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಅದಕ್ಕೆ ಕಟ್ಟಬೇಕು. ಕುಡಿಯುವ ನೀರು, ಆರೋಗ್ಯ, ಮಾಲಿನ್ಯ ತಡೆಗೆ ಆದ್ಯತೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಡಿಸಿ ಕಚೇರಿಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನೀರು ಶುದ್ಧ ಮಾಡುವ ಘಟಕ ಕೇಳುವುದಾದರೆ ಅದನ್ನು ನಡೆಸುವ ಖರ್ಚು ಯಾರದು ಅಂತಲೂ ಅದರಲ್ಲೇ ಬರೆಸಿ.

ತೋರಣಗಲ್ಲಿನವರು: ಕೊಟ್ಟಿದ್ದೇವೆ ಮೇಡಂ, ಎರಡು ಸಲ. ಮುದ್ರೆಯೂ ಇದೆ.

ಸಂಡೂರು ತಾಲ್ಲೂಕಿನ ಸಂಘದ ಅಕ್ಕ: 1930ಕ್ಕೆ ಹೇಳಿದೆ ಮೇಡಂ, ದೂರಿನ ನಂಬರ್ ಕೊಟ್ಟರು. ಫೋನಿನಲ್ಲಿ ಹಾಕಿದವರು ಆರು ಜನ, ಉಳಿದವರದ್ದು ಕೈಗೆ ಕೊಟ್ಟದ್ದು. ಠಾಣೆಗೆ ಕೊಡುವ ದೂರು ಬರೆದಿದ್ದೇನೆ, ಒಂದು ಸಲ ನೋಡುತ್ತೀರಾ?

ಮೇಡಂ: ಈಗಲೇ ಕಳಿಸಿ ಅಕ್ಕಾ.